ಎರಡು ಪಂಕ್ತಿಗಳ ನಡುವಿನ ಮಾತು

ರೇಡಿಯೋದಲ್ಲಿ ಕಾರ್ಯಕ್ರಮಗಳನ್ನು ಪರಿಚಯಿಸುವ ಉದ್ಘೋಷಕಿಯಾಗಲು ನಾನು ಕೊಟ್ಟ ಮೊದಲ ಸ್ವರ ಪರೀಕ್ಷೆ ಮೂರೇ ನಿಮಿಷಕ್ಕೆ ಮುಗಿದುಹೋಯಿತು. ಗಾಜಿನ ಆಚೆ ಮೂರು ಜನ ಕೂತಿದ್ದರು. ಓದಲು ಕೊಟ್ಟ ಹಾಳೆಯಲ್ಲಿ ಒಂದು ಸಾಲು ಹೀಗಿತ್ತು: "ಹಾಸನ, ಹುಣಸೂರು ಮತ್ತು ಹೆಗ್ಗಡದೇವನಕೋಟೆಯಲ್ಲಿ ಹಗುರ ಮಳೆಯಾಗಿದೆ." ನಾನು ಓದಿದ್ದು, "ಆಸನ, ಉಣಸೂರು ಮತ್ತು ಎಗ್ಗಡದೇವನಕೋಟೆಯಲ್ಲಿ ಅಗುರ ಮಳೆಯಾಗಿದೆ."

ಅವರು ಟೇಪ್ ಹಿಂದಕ್ಕೆ ಸುತ್ತಿ ಕೇಳಿಸಿದರು. "ಎಲ್ಲಿ ತಪ್ಪಾಗಿದೆ ಹೇಳಮ್ಮಾ" ಅಂದರು. ನನಗೆ ತಪ್ಪೇ ಕೇಳಿಸಲಿಲ್ಲ. ಎರಡನೇ ಸಲ ಹಾಕಿದರು. ಆಗಲೂ ಇಲ್ಲ. ಮೂರನೇ ಸಲ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳಿದೆ. ಮೈ ಬಿಸಿಯಾಯಿತು. ಹಾಳೆಯಲ್ಲಿ ಇದ್ದ ಅಕ್ಷರ ನನ್ನ ಬಾಯಲ್ಲಿ ಇರಲಿಲ್ಲ.

ಅದು 1989. ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ಹಳಗನ್ನಡ ಪದ್ಯ ಬಿಡಿಸುತ್ತಿದ್ದೆ, ಛಂದಸ್ಸಿನ ಗಣ ಎಣಿಸುತ್ತಿದ್ದೆ. ಆದರೆ ನನಗೆ ಹಕಾರ ಬರಲ್ಲ ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ನಮ್ಮೂರು ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿದೆ. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ 'ಹ' ಇರಲಿಲ್ಲ. ಅಜ್ಜಿ "ಆಲು ಕಾಯ್ಸವ್ವ" ಅಂದರೆ ಒಲೆಯ ಮೇಲೆ ಹಾಲು ಕಾಯುತ್ತಿತ್ತು. "ಒಲದ್ ತಾವ್ಕೆ ಓಗ್ ಬತ್ತೀನಿ" ಅಂದರೆ ಹೊಲಕ್ಕೇ ಹೋಗಿ ಬರುತ್ತಿದ್ದಳು. ಯಾರಿಗೂ ಗೊಂದಲ ಆಗುತ್ತಿರಲಿಲ್ಲ. ಆ ಮಾತು ತಪ್ಪು ಅಂತ ನಾನು ಇವತ್ತಿಗೂ ಒಪ್ಪಲ್ಲ. ಎದುರಿಗೆ ನಿಂತು ಮಾತಾಡುವವರಿಗೆ ಕೈಯಲ್ಲಿ ಏನಿದೆ ಅಂತ ಕಾಣುತ್ತದೆ. ಆದರೆ ಮೈಕಿನ ಮುಂದೆ ನಾನು "ಅಕ್ಕಿ" ಅಂದರೆ ಬೀದರಿನಲ್ಲಿ ಕೇಳುವವರಿಗೆ ಅದು ಅನ್ನದ ಅಕ್ಕಿಯೋ ಹಾರುವ ಹಕ್ಕಿಯೋ ಹೇಗೆ ಗೊತ್ತಾಗಬೇಕು? ಈ ಒಂದು ಕಾರಣ ಸಾಕಾಯಿತು ನನಗೆ. ಕಲಿಯಲೇಬೇಕು ಅಂತ ಕೂತೆ.

ಅವತ್ತು ಪರೀಕ್ಷೆ ಮಾಡಿದವರಲ್ಲಿ ಒಬ್ಬ ಹಿರಿಯರು ಹೊರಗೆ ಬಂದು ಒಂದು ಉಪಾಯ ಹೇಳಿಕೊಟ್ಟಿದ್ದರು. ಗಾಳಿಪಟದ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಬೇಕು. ಬಾಯಿಗೆ ನಾಲ್ಕು ಅಂಗುಲ ದೂರದಲ್ಲಿ ಇಳಿಬಿಡಬೇಕು. 'ಅ' ಅಂದರೆ ಹಾಳೆ ಸುಮ್ಮನಿರುತ್ತದೆ. 'ಹ' ಅಂದರೆ ತುದಿ ಅಲ್ಲಾಡುತ್ತದೆ. ಕಿವಿಗೆ ಗೊತ್ತಾಗದ್ದನ್ನು ಕಣ್ಣಿಗೆ ತೋರಿಸುವ ಉಪಾಯ ಅದು. ಹಾಸ್ಟೆಲ್ಲಿನ ಕಿಟಕಿಗೆ ಕೆಂಪು ಹಾಳೆಯ ಪಟ್ಟಿ ಅಂಟಿಸಿ ಜೋಡಿ ಪದ ಹೇಳುತ್ತಿದ್ದೆ. ಅಕ್ಕಿ, ಹಕ್ಕಿ. ಉಳಿ, ಹುಳಿ. ಆರು, ಹಾರು. ಎತ್ತು, ಹೆತ್ತು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ ಊರುಗಳ ಹೆಸರು ಹೇಳುತ್ತಿದ್ದೆ. ಹಾನಗಲ್, ಹಿರೇಕೆರೂರು, ಹೊಳಲ್ಕೆರೆ, ಹಲಗೂರು.

ಎರಡು ತಿಂಗಳಾದ ಮೇಲೆ ಬೇರೆ ತೊಂದರೆ ಶುರುವಾಯಿತು. ಬರಬಾರದ ಕಡೆಯೂ 'ಹ' ಬರತೊಡಗಿತು. ಹಳೇ ಮೈಸೂರು ಕಡೆಯ ಎಷ್ಟೋ ಜನರಿಗೆ ಇದು ಗೊತ್ತು. ಬಾಯಿಗೆ ಭಯ ಹತ್ತಿದರೆ 'ಅ' ಕಂಡಲ್ಲೆಲ್ಲ ಉಸಿರು ತಳ್ಳುತ್ತದೆ. ಒಂದು ದಿನ "ನಿಮಗೆಲ್ಲ ಆದರದ ಸ್ವಾಗತ" ಅಂತ ಅಭ್ಯಾಸ ಮಾಡುವಾಗ ಎರಡನೇ ಪದಕ್ಕೆ 'ಹ' ಸೇರಿಬಿಟ್ಟಿತು. ಆಗ ಅದು ಎಂಥಾ ಮಾತಾಗುತ್ತದೆ ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ನೇರ ಪ್ರಸಾರದಲ್ಲಿ ಆಗಿದ್ದರೆ ಅಂತ ನೆನೆದು ರಾತ್ರಿ ನಿದ್ದೆ ಬರಲಿಲ್ಲ. ಆವತ್ತಿನಿಂದ ಇಡೀ ವೃತ್ತಿಯಲ್ಲಿ ನಾನು 'ಆದರ' ಅನ್ನುವ ಪದವನ್ನು ಬಳಸಲೇ ಇಲ್ಲ. ಬರೆದುಕೊಟ್ಟ ಹಾಳೆಯಲ್ಲಿ ಇದ್ದರೆ ಅನುಮತಿ ಕೇಳಿ 'ಪ್ರೀತಿಯ ಸ್ವಾಗತ' ಅಂತ ತಿದ್ದಿಕೊಳ್ಳುತ್ತಿದ್ದೆ.

ಇಷ್ಟೆಲ್ಲಾ ಹಟ ಯಾಕೆ ಅಂದರೆ, ಆಸೆ ಹುಟ್ಟಿದ್ದು ಹೈಸ್ಕೂಲಿನಲ್ಲಿ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ನಮ್ಮೂರಿಗೆ ಟಿವಿ ಬಂದಿದ್ದು ಅದಾಗಿ ಕೆಲವು ವರ್ಷಕ್ಕೆ. ಒಂದೇ ಮನೆಯಲ್ಲಿ, ಕಪ್ಪು ಬಿಳುಪು. ಮಾಳಿಗೆಯ ಮೇಲೆ ಒಬ್ಬ ಹುಡುಗ ಆಂಟೆನಾ ತಿರುಗಿಸುತ್ತಿದ್ದ. ಕೆಳಗಿನಿಂದ ಎಲ್ಲರೂ "ಬಂತು, ಓಯ್ತು" ಅಂತ ಕೂಗುತ್ತಿದ್ದರು. ಚಿತ್ರ ನಿಂತ ತಕ್ಷಣ ಕಾಣುತ್ತಿದ್ದದ್ದು ಒಬ್ಬ ಹೆಂಗಸಿನ ಮುಖ. "ನಮಸ್ಕಾರ" ಅನ್ನುತ್ತಿದ್ದಳು. ನಮ್ಮಜ್ಜಿ ಕೂತಲ್ಲಿಂದಲೇ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದಳು. ವಾರ್ತೆ ಓದುವವರಿಗೆ ಅಜ್ಜಿ ಯಾವತ್ತೂ ಕೈ ಮುಗಿದವಳಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಅವ್ರು ಓದ್ತಾರೆ. ಇವ್ಳು ಮಾತಾಡುಸ್ತಾಳೆ ಕನವ್ವ" ಅಂದಳು.

ಮುಂದೆ ಎಷ್ಟೋ ತರಬೇತಿಯಲ್ಲಿ ಕೂತಿದ್ದೇನೆ. ಉದ್ಘೋಷಕರ ಕೆಲಸವನ್ನು ಇಷ್ಟು ಸರಿಯಾಗಿ ಹೇಳಿದವರು ಬೇರೆ ಯಾರೂ ಸಿಗಲಿಲ್ಲ.

1990ರಲ್ಲಿ ಮತ್ತೆ ರೇಡಿಯೋ ಪರೀಕ್ಷೆ ಬರೆದು ಪಾಸಾದೆ. ಸಾಂದರ್ಭಿಕ ಉದ್ಘೋಷಕಿ, ಅಂದರೆ ತಿಂಗಳಿಗೆ ಕೆಲವೇ ದಿನ ಡ್ಯೂಟಿ. ಮೈಸೂರಿನಲ್ಲಿ ರೇಡಿಯೋ ಕೆಲಸ ಕಲಿಯುವುದೇ ಒಂದು ಭಾಗ್ಯ ಅಂತ ನನಗೆ ಅನಿಸುತ್ತಿತ್ತು. 'ಆಕಾಶವಾಣಿ' ಅನ್ನುವ ಹೆಸರು ಹುಟ್ಟಿದ ಊರು ಇದು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದರು. ಒಬ್ಬ ಮೇಷ್ಟ್ರು ಮನೆಯಲ್ಲಿ ಕೂತು ಊರಿಗೆಲ್ಲ ಮಾತಾಡಿದರು ಅನ್ನುವುದು ನನಗೆ ದೊಡ್ಡ ಧೈರ್ಯ ಕೊಟ್ಟಿತ್ತು. ಅವರ ಮನೆ ಇದ್ದ ಒಂಟಿಕೊಪ್ಪಲಿನ ಕಡೆ ಹೋದಾಗಲೆಲ್ಲ ಅದು ನೆನಪಾಗುತ್ತಿತ್ತು.

ರೇಡಿಯೋ ನನಗೆ ಗಡಿಯಾರ ನೋಡುವುದನ್ನು ಕಲಿಸಿತು. ಟಿವಿಗೆ ಬಂದಿದ್ದು 1993ರಲ್ಲಿ.

ಬೆಂಗಳೂರಿನ ಟಿವಿ ಕೇಂದ್ರದ ಆಯ್ಕೆಯಲ್ಲಿ ಲಿಖಿತ ಪರೀಕ್ಷೆ, ಅನುವಾದ, ಸ್ವರ ಪರೀಕ್ಷೆ ಎಲ್ಲಾ ಆಗಿ, ಕೊನೆಗೆ ಕ್ಯಾಮೆರಾ ಪರೀಕ್ಷೆ. ಮಾತಿಗೆ ಆಗ ಹೆದರಿಕೆ ಇರಲಿಲ್ಲ. ಕಣ್ಣು ಮೋಸ ಮಾಡಿತು. ಈಗಿನ ಹಾಗೆ ಅಕ್ಷರ ತೋರಿಸುವ ಪರದೆ ನಮಗೆ ಇರಲಿಲ್ಲ, ಎಲ್ಲಾ ಬಾಯಿಪಾಠ. ಮುಂದಿನ ಸಾಲು ನೆನಪು ಮಾಡಿಕೊಳ್ಳುವಾಗ ಕಣ್ಣು ತಾನಾಗೇ ಮೇಲಕ್ಕೆ ಹೋಗುತ್ತದೆ. ಎದುರಿಗಿರುವವರು ಅದನ್ನು ಗಮನಿಸಲ್ಲ. ಕ್ಯಾಮೆರಾ ಮಾತ್ರ ಸುಳ್ಳು ಹೇಳುವವಳ ಹಾಗೆ ತೋರಿಸುತ್ತದೆ. ಕ್ಯಾಮೆರಾಮನ್ ಒಬ್ಬರು ಹೇಳಿದ ಮಾತು ಕೈ ಹಿಡಿಯಿತು: "ಗಾಜನ್ನು ನೋಡಬೇಡಿ. ಗಾಜಿನ ಆಚೆ ಒಂದು ಗೇಣು ದೂರಕ್ಕೆ ನೋಡಿ." ಹಾಗೆ ನೋಡಿದರೆ ಕಣ್ಣು ಒಂದು ಕಡೆ ನಿಲ್ಲುತ್ತದೆ. ಬಿಗಿಯೂ ಆಗಲ್ಲ.

ಸೀರೆಯ ವಿಷಯ ಕೇಳಿದರೆ ಆಶ್ಚರ್ಯ ಆಗಬಹುದು. ಸಣ್ಣ ಗೆರೆಯ ಸೀರೆ ಉಟ್ಟರೆ ತೆರೆಯ ಮೇಲೆ ಗೆರೆಗಳು ಹುಳು ಹರಿದ ಹಾಗೆ ನಡುಗುತ್ತವೆ. ಅಚ್ಚ ಬಿಳಿ ಉಟ್ಟರೆ ಮುಖ ಕಪ್ಪಾಗುತ್ತದೆ. ಕಡುಗೆಂಪು ಅಂಚಿನಿಂದ ಬಣ್ಣ ಸೋರಿದ ಹಾಗೆ ಕಾಣುತ್ತದೆ. ಮದುವೆಗೆ ತಂದಿದ್ದ ಮೈಸೂರು ರೇಷ್ಮೆ ಸೀರೆಯನ್ನು ಆಸೆಯಿಂದ ಉಟ್ಟು ಹೋದ ದಿನ ಅದರ ಜರಿ ದೀಪಕ್ಕೆ ಮಿಂಚಿ, ಸೆರಗಿನ ಮೇಲೆ ಶಾಲು ಹೊದೆಯಬೇಕಾಯಿತು. ಗಂಜಿ ಹಾಕಿದ ಹತ್ತಿ ಸೀರೆ ಕಣ್ಣಿಗೆ ಚೆಂದ, ಆದರೆ ಎದೆಯ ಹತ್ತಿರ ಸಿಕ್ಕಿಸಿದ ಸಣ್ಣ ಮೈಕಿಗೆ ಅದರ ಸರಸರ ಸದ್ದು ಒಣಗಿದ ತರಗೆಲೆ ತುಳಿದ ಹಾಗೆ ಕೇಳಿಸುತ್ತದೆ. ಬಳೆ ಬಿಚ್ಚಿ ಪರ್ಸಿನಲ್ಲಿ ಇಡುತ್ತಿದ್ದೆ. ಹಾಳೆಗಳಿಗೆ ಪಿನ್ ಹಾಕುವಂತಿಲ್ಲ. ಮಗುಚುವಾಗ ಸದ್ದಾಗುತ್ತದೆ, ಮೆಲ್ಲಗೆ ಪಕ್ಕಕ್ಕೆ ಸರಿಸಬೇಕು. ಕೊನೆಗೆ ನನಗೆ ಒಗ್ಗಿದ್ದು ಸಾಸಿವೆ ಬಣ್ಣ, ತಿಳಿ ನೇರಳೆ, ಬೂದು ನೀಲಿ. ಆರು ಸೀರೆ, ಸರದಿಯ ಮೇಲೆ. ಯಾವ ತಾರೀಕು ಯಾವುದು ಉಟ್ಟೆ ಅಂತ ಬರೆದಿಡುತ್ತಿದ್ದೆ.

ಆಗ ಮದುವೆಯಾಗಿ ಮೈಸೂರಿನಲ್ಲೇ ಇದ್ದೆ. ಡ್ಯೂಟಿ ದಿನ ಬೆಳಿಗ್ಗೆ ಕೆಂಪು ಬಸ್ ಹತ್ತಿದರೆ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ದಾಟಿ ಮಧ್ಯಾಹ್ನ ಬೆಂಗಳೂರು. ರಾತ್ರಿ ಚಿಕ್ಕಮ್ಮನ ಮನೆ. ದಾರಿಯುದ್ದಕ್ಕೂ ಮಾತಾಡುವಂತಿಲ್ಲ, ಧೂಳಿಗೆ ಗಂಟಲು ಕಟ್ಟುತ್ತದೆ. ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡಿರುತ್ತಿದ್ದೆ.

ಡ್ಯೂಟಿಗೆ ಹೋದ ತಕ್ಷಣ ಕೈಗೆ ಬರುವುದು ಕ್ಯೂ ಶೀಟ್. ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡಿಗೆ ಯಾವ ಕಾರ್ಯಕ್ರಮ, ಅದರ ಟೇಪ್ ಎಷ್ಟು ಉದ್ದ, ನಡುವೆ ನನಗೆ ಎಷ್ಟು ಸೆಕೆಂಡ್, ಎಲ್ಲಾ ಅದರಲ್ಲಿ ಇರುತ್ತದೆ. ಅದನ್ನು ನೋಡಿಕೊಂಡು ಮಾತು ಬರೆದುಕೊಳ್ಳಬೇಕು. ನನ್ನ ವೇಗ ನಿಮಿಷಕ್ಕೆ ಸುಮಾರು 100 ಪದ. 15 ಸೆಕೆಂಡ್ ಕೊಟ್ಟಿದ್ದರೆ 25 ಪದ. ಅದರಲ್ಲಿ ಹಾಡುಗಾರರ ಹೆಸರು, ಪಕ್ಕವಾದ್ಯದವರ ಹೆಸರು ಎಲ್ಲಾ ಹಿಡಿಸಬೇಕು. ಹೆಸರಿನ ಉಚ್ಚಾರ ಅನುಮಾನ ಇದ್ದರೆ ಅವರಿಗೇ ಫೋನ್ ಮಾಡಿ ಕೇಳುತ್ತಿದ್ದೆ. ಜೀವಮಾನದಲ್ಲಿ ಒಂದೇ ಸಲ ಟಿವಿಯಲ್ಲಿ ಬರುವ ಹಳ್ಳಿಯ ಕಲಾವಿದರ ಹೆಸರನ್ನು ತಪ್ಪಾಗಿ ಹೇಳಬಾರದು ಅಲ್ವಾ?

ಕೊನೆಯ ವಾಕ್ಯದ ಕಷ್ಟವೇ ಬೇರೆ. ಆಗಿನ ಟೇಪ್ ಯಂತ್ರಕ್ಕೆ ಗುಂಡಿ ಒತ್ತಿದ ತಕ್ಷಣ ಚಿತ್ರ ಬರುತ್ತಿರಲಿಲ್ಲ. ಟೇಪ್ ಓಡಿ ವೇಗಕ್ಕೆ ಬರಲು ಐದಾರು ಸೆಕೆಂಡ್ ಬೇಕಿತ್ತು. ಅದಕ್ಕೇ ನನ್ನ ಮಾತಿನಲ್ಲಿ ಒಂದು ಪದವನ್ನು ಮೊದಲೇ ಗೊತ್ತು ಮಾಡಿರುತ್ತಿದ್ದರು. ಆ ಪದ ಕೇಳಿದ ತಕ್ಷಣ ಕಂಟ್ರೋಲ್ ರೂಮಿನಲ್ಲಿ ಟೇಪ್ ಓಡಿಸುತ್ತಾರೆ. ಅಲ್ಲಿಂದ ನಾನು ಸರಿಯಾಗಿ ಅಷ್ಟೇ ಸೆಕೆಂಡ್ ಮಾತಾಡಿ ನಿಲ್ಲಿಸಬೇಕು. ಬೇಗ ನಿಲ್ಲಿಸಿದರೆ ನಾನು ಸುಮ್ನೆ ನೋಡುತ್ತಾ ಕೂತಿರುವುದು ಊರಿಗೆಲ್ಲ ಕಾಣುತ್ತದೆ. ತಡ ಮಾಡಿದರೆ ಕಾರ್ಯಕ್ರಮದ ತಲೆ ಕತ್ತರಿಸಿದ ಹಾಗಾಗುತ್ತದೆ. "ಇದೀಗ ವೀಕ್ಷಿಸಿ" ಅಂದಮೇಲೆ ಒಂದು ಪದವನ್ನೂ ಬದಲಾಯಿಸುವಂತಿಲ್ಲ. ರಾತ್ರಿ ದೆಹಲಿಯ ರಾಷ್ಟ್ರೀಯ ಪ್ರಸಾರಕ್ಕೆ ಜೋಡಿಸುವಾಗಲಂತೂ ಎದೆ ಬಡಿತ ಜಾಸ್ತಿ. ದೆಹಲಿ ಯಾರಿಗೂ ಕಾಯುತ್ತಿರಲಿಲ್ಲ.

ನಮ್ಮ ಕಡೆ ಮದುವೆ ಊಟದಲ್ಲಿ ಒಬ್ಬರು ಇರುತ್ತಾರೆ. ಅವರು ಅಡುಗೆಯವರಲ್ಲ, ಬಡಿಸುವವರೂ ಅಲ್ಲ. ಮೊದಲ ಪಂಕ್ತಿ ಎದ್ದು ಎರಡನೇ ಪಂಕ್ತಿ ಕೂರುವ ನಡುವೆ ಬಾಗಿಲಲ್ಲಿ ನಿಂತು, "ಬನ್ನಿ ಬನ್ನಿ, ಎಲೆ ಹಾಕ್ತಾ ಇದಾರೆ, ನೀವು ಈ ಕಡೆ ಕೂತ್ಕೊಳಿ" ಅನ್ನುತ್ತಾರೆ. ಊಟ ಮಾಡಿ ಹೋದವರು ಪಾಯಸ ನೆನೆಯುತ್ತಾರೆ, ಕೂರಿಸಿದವರನ್ನು ಯಾರೂ ನೆನೆಯಲ್ಲ. ಆದರೆ ಅವರು ಇಲ್ಲದೇ ಹೋದರೆ ಎಷ್ಟೋ ಜನ ಬಾಗಿಲ ತನಕ ಬಂದು ಹಾಗೇ ವಾಪಸ್ ಹೋಗುತ್ತಾರೆ. ನನ್ನ ಕೆಲಸವೂ ಅದೇ ಅಂತ ನಾನು ನಂಬಿದ್ದೆ. ಕೃಷಿ ಕಾರ್ಯಕ್ರಮ ಮುಗಿದು ರೈತ ಏಳುತ್ತಾನೆ. ಮುಂದಿನದು ಮಕ್ಕಳ ಕಾರ್ಯಕ್ರಮ. ಆ 15 ಸೆಕೆಂಡಿನಲ್ಲಿ ಅವನನ್ನು ಗೌರವದಿಂದ ಬೀಳ್ಕೊಟ್ಟು ಮಕ್ಕಳನ್ನು ಕರೆದು ಕೂರಿಸಬೇಕು.

ಈ ನಂಬಿಕೆ ಒಂದು ರಾತ್ರಿ ನನ್ನನ್ನು ಕಾಪಾಡಿತು. 1995ರ ಮಳೆಗಾಲ ಅದು. ನಾಟಕ ಒಂದಕ್ಕೆ ಪೀಠಿಕೆ ಹೇಳಿ, ಕೊನೆಯ ಪದ ಮುಗಿಸಿ, ಕ್ಯಾಮೆರಾ ಮೇಲಿನ ಕೆಂಪು ದೀಪ ಆರುವುದನ್ನು ಕಾದೆ. ಆರಲಿಲ್ಲ. ಟೇಪ್ ಯಂತ್ರದಲ್ಲಿ ಸಿಕ್ಕಿಕೊಂಡಿತ್ತು. ಕ್ಯಾಮೆರಾ ಪಕ್ಕದಲ್ಲಿ ನಿಂತಿದ್ದವರು ಎರಡೂ ಕೈಯನ್ನು ರಬ್ಬರ್ ಎಳೆಯುವ ಹಾಗೆ ಅಗಲಿಸಿದರು. ಎಳೆಯಿರಿ, ಮಾತಾಡುತ್ತಲೇ ಇರಿ ಅಂತ ಅರ್ಥ. ಆ ರಾತ್ರಿಯ ಕಾರ್ಯಕ್ರಮಗಳನ್ನು ಹೇಳಿದೆ. ನಾಳೆಯದನ್ನು ಹೇಳಿದೆ. ನಾಟಕದ ಪೀಠಿಕೆಯನ್ನು ಬೇರೆ ಮಾತಿನಲ್ಲಿ ಮತ್ತೊಮ್ಮೆ ಹೇಳಿದೆ. ಗಡಿಯಾರದಲ್ಲಿ 40 ಸೆಕೆಂಡ್ ಆಗಿತ್ತು. ಕೈಗಳು ಇನ್ನೂ ಅಗಲವಾಗೇ ಇದ್ದವು. ತಲೆ ಖಾಲಿ. ಬಾಯಿ ತಾನಾಗೇ ಹೇಳಿತು: "ನಾಟಕ ಶುರುವಾಗೋಕೆ ಇನ್ನೊಂದು ಗಳಿಗೆ ಇದೆ. ಯಾರಾದರೂ ಬಾಯಾರಿದ್ದರೆ ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ನೀವು ಬರೋವರೆಗೂ ನಾನು ಇಲ್ಲೇ ಇರ್ತೀನಿ." ಅಷ್ಟರಲ್ಲಿ ದೀಪ ಆರಿತು.

ಹೊರಗೆ ಬಂದಾಗ ಡ್ಯೂಟಿ ಆಫೀಸರ್ ಲಾಗ್ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದರು. ಬರೆದುಕೊಂಡದ್ದನ್ನು ಬಿಟ್ಟು ಬೇರೆ ಮಾತಾಡಿದ್ದಕ್ಕೆ ವಿವರಣೆ ಬರೆದುಕೊಟ್ಟೆ. ಅದು ಸರಿಯಾದ ನಿಯಮವೇ. ತೆರೆಯ ಮೇಲೆ ಒಬ್ಬರು ಮನಸ್ಸಿಗೆ ಬಂದದ್ದು ಹೇಳತೊಡಗಿದರೆ ಕೊನೆ ಇರಲ್ಲ. ಆದರೆ ಎರಡು ವಾರಕ್ಕೆ ಕಾರ್ಡುಗಳು ಬಂದವು. ಒಂದು ಪೋಸ್ಟ್ ಕಾರ್ಡಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು ಇತ್ತು: "ಅಮ್ಮಾ, ನಾವು ನೀರು ಕುಡಿದು ಬಂದೆವು, ನಾಟಕ ನೋಡಿದೆವು." ಡ್ಯೂಟಿ ಆಫೀಸರೇ ಅದನ್ನು ನನ್ನ ಕೈಗೆ ಕೊಟ್ಟರು.

ಎಲ್ಲಾ ಕಾಗದವೂ ಹೊಗಳಿಕೆಯಲ್ಲ. ಧಾರವಾಡ ಕಡೆಯ ಒಬ್ಬ ಹಿರಿಯರು, "ನಿಮ್ಮ ಮೈಸೂರು ಕನ್ನಡವೇ ಕನ್ನಡ ಅಂತ ತಿಳಿಯಬ್ಯಾಡ್ರಿ" ಅಂತ ಖಾರವಾಗಿ ಬರೆದಿದ್ದರು. ಆ ಮಾತು ನನಗೆ ನಾಟಿತು. ನನ್ನ ಬಾಯಿಂದಲೂ ಒಂದು ಸಲ ಊರ ಮಾತು ಕಿತ್ತುಕೊಂಡಿದ್ದರು ಅಲ್ವಾ? ಜನಪದ ಕಾರ್ಯಕ್ರಮಗಳಿಗೆ ಪೀಠಿಕೆ ಹೇಳುವಾಗ, ಆ ಊರಿನವರು ಆ ಹಾಡನ್ನು ಏನಂತ ಕರೆಯುತ್ತಾರೋ ಅದೇ ಪದ ಕೇಳಿ ತಿಳಿದುಕೊಂಡು ಹೇಳತೊಡಗಿದೆ. ಮಂಡ್ಯದ ಸೋಬಾನೆ ತಂಡ ಬಂದ ದಿನ ಮೇಕಪ್ ಕೋಣೆಯಲ್ಲಿ ಆ ಹೆಂಗಸರ ಜೊತೆ ಹಕಾರ ಬಿಟ್ಟು ಮನಸಾರೆ ಮಾತಾಡಿದೆ. ಐದು ನಿಮಿಷ ಬಿಟ್ಟು ಒಳಗೆ ಹೋಗಿ ಹಕಾರ ಹಾಕಿ ಅವರನ್ನು ಪರಿಚಯಿಸಿದೆ. ಎರಡೂ ನನ್ನ ಮಾತೇ.

1994ರಲ್ಲಿ ಉದಯ ಟಿವಿ ಬಂತು. ಆಮೇಲೆ ಇನ್ನಷ್ಟು ವಾಹಿನಿಗಳು. ದಿನವಿಡೀ ಪ್ರಸಾರ, ಕಾರ್ಯಕ್ರಮದ ಮಧ್ಯೆ ಜಾಹೀರಾತು, ಮುಂದಿನ ಕಾರ್ಯಕ್ರಮದ ತುಣುಕು. ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವ ನಡುವೆ ಜಾಗವೇ ಉಳಿಯಲಿಲ್ಲ. ಬಿಡುವು ಸಿಕ್ಕರೆ ನೋಡುವವರು ರಿಮೋಟ್ ಒತ್ತುತ್ತಾರೆ ಅನ್ನುವ ಭಯ ಎಲ್ಲರಿಗೂ ಹತ್ತಿತು. ನನಗೆ ಸಿಗುತ್ತಿದ್ದ ಸಮಯ 15 ಸೆಕೆಂಡಿನಿಂದ 10ಕ್ಕೆ, 10ರಿಂದ 7ಕ್ಕೆ ಇಳಿಯಿತು. ಏಳು ಸೆಕೆಂಡಿನಲ್ಲಿ ಹೆಸರು ಹೇಳಬಹುದು, ಮಾತಾಡಿಸೋಕೆ ಆಗಲ್ಲ. ತಿಂಗಳ ಡ್ಯೂಟಿಯೂ ಕಡಿಮೆಯಾಯಿತು.

2001ರ ಸುಮಾರಿಗೆ ಮಾತುಗಳನ್ನೂ ಮೊದಲೇ ಚಿತ್ರಿಸಿಡುವ ಪದ್ಧತಿ ಬಂತು. ಮಧ್ಯಾಹ್ನ ಕೂತು ನಾಲ್ಕು ದಿನದ್ದನ್ನು ಒಟ್ಟಿಗೆ ಹೇಳಿ ಮುಗಿಸಬೇಕು. ಪ್ರತಿ ದಿನದ್ದಕ್ಕೂ ಸೀರೆ ಬದಲಾಯಿಸಿ, ನಾಲ್ಕು ಸಲ "ನಮಸ್ಕಾರ", ನಾಲ್ಕು ಸಲ "ಶುಭರಾತ್ರಿ". ತಪ್ಪಿದರೆ ಮತ್ತೆ ಹೇಳಬಹುದು. ಎದೆ ಬಡಿದುಕೊಳ್ಳುವ ಕಾರಣವೇ ಇಲ್ಲ. ಮೊದಲ ದಿನ ಕೆಲಸ ಬೇಗ ಮುಗಿಯಿತು, ನಾಲ್ಕೂವರೆಗೆಲ್ಲ ಬಸ್ ಹತ್ತಿದೆ. ಮೈಸೂರಿಗೆ ಹೋಗುವ ಬದಲು ಮಂಡ್ಯದಲ್ಲಿ ಇಳಿದು ಊರಿಗೆ ಹೋದೆ.

ಅಜ್ಜಿಗೆ ಆಗ ಎಂಬತ್ತು ದಾಟಿತ್ತು. ಕಣ್ಣು ಮಂಜು, ಕಿವಿ ಚೆನ್ನಾಗಿತ್ತು. ಮನೆಯಲ್ಲಿ ಈಗ ಬಣ್ಣದ ಟಿವಿ. ನಾನು ಕೈಕಾಲು ತೊಳೆದು ಬಂದು ಅವಳ ಪಕ್ಕ ಚಾಪೆಯ ಮೇಲೆ ಕೂತೆ. ಬಿಸಿ ರಾಗಿ ಮುದ್ದೆ, ಹುರುಳಿ ಸಾರು ತಟ್ಟೆಗೆ ಬಂತು. ಟಿವಿಯಲ್ಲಿ ಸಾಸಿವೆ ಬಣ್ಣದ ಸೀರೆ ಉಟ್ಟುಕೊಂಡು ನಾನು "ನಮಸ್ಕಾರ" ಅಂದೆ. ಅಜ್ಜಿ ಇಷ್ಟು ವರ್ಷದ ಅಭ್ಯಾಸದ ಹಾಗೆ ಎರಡೂ ಕೈ ಎತ್ತಿದಳು. ಅರ್ಧಕ್ಕೆ ನಿಲ್ಲಿಸಿದಳು. ನನ್ನ ಕಡೆ ತಿರುಗಿ ನನ್ನ ಮಂಡಿ ಮುಟ್ಟಿ ನೋಡಿದಳು.

"ನೀನ್ ಇಲ್ಲೇ ಕುಂತಿದ್ದೀಯಲ್ಲವ್ವ. ಅಲ್ಲಿ ನಮಸ್ಕಾರ ಏಳ್ತಾ ಇರೋಳು ಯಾರು?"

ಮೊದಲೇ ತೆಗೆದಿಟ್ಟಿದ್ದು ಅಂತ ವಿವರಿಸಿದೆ. ಟೇಪಿನ ವಿಷಯ, ನಾಲ್ಕು ಸೀರೆಯ ವಿಷಯ ಹೇಳಿದೆ. ಅಜ್ಜಿ ಎಲ್ಲಾ ಕೇಳಿಸಿಕೊಂಡಳು. ಅರ್ಥವಾಯಿತು ಅನ್ನುವ ಹಾಗೆ ತಲೆ ಆಡಿಸಿದಳು. ಎತ್ತಿದ ಕೈ ಇಳಿಸಿ ಸೆರಗಿನೊಳಗೆ ಇಟ್ಟುಕೊಂಡಳು. ನಾನು ಅಲ್ಲಿ ಎರಡು ದಿನ ಇದ್ದೆ. ಎರಡೂ ಸಂಜೆ ಟಿವಿಯಲ್ಲಿ ನಾನು ನಮಸ್ಕಾರ ಹೇಳಿದೆ, ಅಜ್ಜಿ ಕೈ ಮುಗಿಯಲಿಲ್ಲ.